ಹೇಳೂದಿಲ್ಲ ಅಂತ ಬರೀರಿ

ಕುರುಗೋಡು, ೯ ಜುಲೈ ೧೯೫೦, ಭಾನುವಾರ

ಇವತ್ತು ಈರಮ್ಮ ಬಂದಿದ್ದಳು. ಬರುತ್ತೇನೆಂದು ಯಾರ ಕೈಯಲ್ಲೂ ಹೇಳಿ ಕಳಿಸಿರಲಿಲ್ಲ. ಬಸ್ಸಿಳಿದವಳು ನೆಟ್ಟಗೆ ನಮ್ಮ ಹೆಡ್‌ಮಾಸ್ತರ ಗಾದಿಲಿಂಗಪ್ಪನವರ ಮನೆ ಮುಂದೆ ನಿಂತು, "ನಮ್ಮ ಚಿನ್ನಪ್ಪ ಮಾಸ್ತರ ಎಲ್ಲಿರ್ತಾನ್ರೀ?" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದಾಳೆ. ಅವಳ ದನಿಯೇ ಹಾಗೆ. ಸಿರುಗುಪ್ಪದ ಗದ್ದೆಗಳಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಪಳಗಿದ ದನಿ.

ನಾನು ಓಡಿಹೋದೆ. ಗಾದಿಲಿಂಗಪ್ಪನವರು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಇವ್ರು ಯಾರ್ರೀ ಮಾಸ್ತರ?" ಎಂದರು.

"ನಮ್ಮಕ್ಕ, ಸಾರ್. ಸಿರುಗುಪ್ಪದಿಂದ ಬಂದಾಳ," ಎಂದೆ.

ಈರಮ್ಮ ನನ್ನ ಮುಖ ನೋಡಿದಳು. ಆಮೇಲೆ ನಕ್ಕುಬಿಟ್ಟಳು. "ಹೌದ್ರೀಯಪ್ಪ, ಅಕ್ಕ. ಇವನ್ನ ನಾನ ಎತ್ತಿ ಆಡ್ಸೀನಿ," ಎಂದಳು.

ಸುಳ್ಳೇನೂ ಅಲ್ಲ. ಕಾಗದದ ಪ್ರಕಾರ ಅವಳ ಅಪ್ಪ ಜೋಗಪ್ಪ, ನನ್ನ ಅಪ್ಪನೂ ಜೋಗಪ್ಪ. ಒಬ್ಬ ಅಪ್ಪನ ಮಕ್ಕಳು ಅಕ್ಕ ತಮ್ಮ ಆಗದೆ ಇನ್ನೇನಾಗುತ್ತಾರೆ? ಅವಳು ನನ್ನನ್ನು ಹೆತ್ತವಳು ಎಂಬುದು ಯಾವ ಕಾಗದದಲ್ಲೂ ಇಲ್ಲ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಆದರೂ ಇಲ್ಲಿ ಈರಮ್ಮ ಎಂದೇ ಬರೆಯುತ್ತೇನೆ. ಕೈಗೆ ರೂಢಿಯಾದರೆ ಬಾಯಿ ತಪ್ಪುವುದಿಲ್ಲ.

ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ತಂದಿದ್ದಳು. ಗಾದಿಲಿಂಗಪ್ಪನವರ ಹೆಂಡತಿ ಶಿವಬಸಮ್ಮ ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ಗಂಟು ಬಿಚ್ಚಿ, ಒಂದು ರೊಟ್ಟಿ ಮುರಿದು ನನ್ನ ಕೈಗಿಟ್ಟಳು. ನಾನೇನು ಸಣ್ಣ ಹುಡುಗನೇ? ಮೈಯೆಲ್ಲ ಉರಿದುಹೋಯಿತು. ಮಧ್ಯಾಹ್ನದ ಬಸ್ಸಿಗೆ ಹೊರಟಳು. ಇರು ಎಂದು ನಾನೂ ಅನ್ನಲಿಲ್ಲ.

ಕುರುಗೋಡು, ೧೪ ಜುಲೈ

ಬಳ್ಳಾರಿಯ ಶಿಕ್ಷಣ ಕಚೇರಿಯಿಂದ ಕಾಗದ ಬಂದಿದೆ. ನನ್ನನ್ನು ಖಾಯಂ ಮಾಡುವ ಮೊದಲು ಕಚೇರಿಯವರು ನನ್ನ ಪೂರ್ವಾಪರ ನೋಡಿದರಂತೆ. ತಂದೆಯ ಹೆಸರಿಗೂ ಹುಟ್ಟಿದ ತಾರೀಖಿಗೂ ತಾಳೆಯಾಗುವುದಿಲ್ಲವಂತೆ. ಬಂದು ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು.

"ಯಾವನೋ ಗುಮಾಸ್ತಂದು ತಪ್ಪಿರ್ಬೇಕು, ಹೋಗಿ ಬರ್ರಿ," ಎಂದರು ಗಾದಿಲಿಂಗಪ್ಪನವರು. ತಲೆಯಾಡಿಸಿದೆ. ತಪ್ಪು ಗುಮಾಸ್ತನದಲ್ಲ ಎಂದು ನನಗೆ ಗೊತ್ತು.

ನಮ್ಮ ಕೇರಿಯಿಂದ ಹೋಗಿ ಕುರ್ಚಿಯ ಮೇಲೆ ಕೂತವನು ನಾನೊಬ್ಬನೇ. ಅದೂ ಜೂನ್ ತಿಂಗಳಿಂದ. ಕುರ್ಚಿ ಇನ್ನೂ ಬೆಚ್ಚಗಾಗಿಲ್ಲ, ಅಷ್ಟರಲ್ಲೇ ಏಳು ಎನ್ನುತ್ತಿದ್ದಾರೆ.

ಬಳ್ಳಾರಿ, ೧೭ ಜುಲೈ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಪೂಜಾರಿಯ ಹೆಸರು ಎರ್ರಣ್ಣ. ಆ ಕಚೇರಿಯ ಗುಮಾಸ್ತ. ಮೂಗಿನ ತುದಿಗೆ ಕನ್ನಡಕ, ಬಾಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ.

"ಏಮಯ್ಯಾ ಮಾಸ್ತರ," ಎಂದ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ನಿಮ್ಮಪ್ಪ ಜೋಗಪ್ಪ ಸತ್ತಿದ್ದು ಇಪ್ಪತ್ತೇಳನೇ ಇಸ್ವಿ. ಸಿರುಗುಪ್ಪದ ಕರಣಂ ಊರ ಲೆಕ್ಕ ನೋಡಿ ಬರದು ಕಳ್ಸ್ಯಾನ. ನೀನು ಹುಟ್ಟಿದ್ದು ಮೂವತ್ತನೇ ಇಸ್ವಿ, ಸಾಲಿ ಸರ್ಟಿಫಿಕೇಟಿನಾಗ ಐತಿ. ಸತ್ತು ಮೂರು ವರ್ಷ ಆದ ಮ್ಯಾಲ ಮಗನ್ನ ಹುಟ್ಟಿಸಿದ ಗಟ್ಟಿಗ! ಆತನ ಫೋಟೋ ಇದ್ರ ತಂದು ಕೊಡಪ್ಪಾ, ಕಚೇರ್ಯಾಗ ಹಾಕೋಣು."

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಯಾಕೆ ನಕ್ಕೆನೋ, ನನ್ನ ಹಲ್ಲಿಗಿಷ್ಟು ಬೆಂಕಿ ಹಾಕ.

ನಾನು ಬಸವಿಯ ಮಗ ಎಂದು ಹೇಳಿಬಿಡಬಹುದಿತ್ತು. ನಾಲಿಗೆ ಏಳಲಿಲ್ಲ. ಜೋಗಪ್ಪನಿಗೆ ಗಂಡು ಮಕ್ಕಳಿರಲಿಲ್ಲ. ಒಬ್ಬಳೇ ಮಗಳನ್ನು ದೇವರ ಮುಂದೆ ಬಸವಿ ಬಿಟ್ಟ. ಕೊರಳಿಗೆ ಮುದ್ರೆ ಕಟ್ಟಿಸಿ, ಯಾರಿಗೂ ಮದುವೆ ಮಾಡಿಕೊಡದೆ ಮನೆಯಲ್ಲೇ ಉಳಿಸಿಕೊಂಡ. ಆ ಹೊತ್ತಿನಿಂದ ಅವಳು ಅವನಿಗೆ ಮಗಳಲ್ಲ, ಮಗ. ಅವನ ಮನೆ ಅವಳಿಗೆ, ಅವನು ಸತ್ತರೆ ಮಣ್ಣು ಅವಳ ಕೈಯಿಂದ, ಅವಳಿಗೆ ಹುಟ್ಟಿದ ಕೂಸು ಅವನ ಹೆಸರಿಗೆ. ಕೇರಿಯಲ್ಲಿ ಇದು ಯಾರಿಗೂ ಸೋಜಿಗವಲ್ಲ. ನನ್ನನ್ನು ಶಾಲೆಗೆ ಹಾಕುವಾಗ ಮಾಸ್ತರು "ಅಪ್ಪನ ಹೆಸರು?" ಎಂದು ಕೇಳಿದ್ದಕ್ಕೆ ಅವಳು "ಜೋಗಪ್ಪ" ಎಂದಳು. ಅವಳ ಲೆಕ್ಕಕ್ಕೆ ಅದು ದಿಟವೇ. ಈ ಕಚೇರಿಯ ಲೆಕ್ಕಕ್ಕೆ ನಾನು ಸತ್ತವನಿಗೆ ಹುಟ್ಟಿದವನು.

ಬಳ್ಳಾರಿ, ೧೮ ಜುಲೈ

ಬೆಳಗ್ಗೆ ಸತ್ಯನಾರಾಯಣಪೇಟೆಯಲ್ಲಿ ಎರ್ರಣ್ಣನ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ. ಕರೆಯುತ್ತಾನೆಂದು ನಾನೂ ಅಂದುಕೊಂಡಿರಲಿಲ್ಲ. ಬೀದಿಯಲ್ಲೇ ನಿಂತು ಮಾತಾಡಿದೆವು. ಆದರೆ ಮನುಷ್ಯ ಕೆಟ್ಟವನಲ್ಲ. ನಿನ್ನೆ ನಕ್ಕಿದ್ದಕ್ಕೆ ಅವನಿಗೇ ಒಂಥರಾ ಆಗಿತ್ತೋ ಏನೋ, ದನಿ ತಗ್ಗಿಸಿ ಮಾತಾಡಿದ.

"ಸಿರುಗುಪ್ಪದಾಗ ಜೋಗಪ್ಪ ಅನ್ನಾಂವ ಒಬ್ಬನೇನಯ್ಯಾ? ಕೇರಿಗೆ ನಾಕು ಮಂದಿ ಇರ್ತಾರ. ಇಪ್ಪತ್ತೇಳರಾಗ ಸತ್ತಾಂವ ಬ್ಯಾರೆ ಜೋಗಪ್ಪ, ನಿಮ್ಮಪ್ಪ ಬ್ಯಾರೆ ಜೋಗಪ್ಪ. ರಕ್ತಸಂಬಂಧದಾಗ ಒಬ್ರು ಬಂದು ಸಾಹೇಬ್ರ ಮುಂದ ಹಂಗಂತ ಹೇಳಿಕಿ ಕೊಟ್ರ ಮುಗೀತು. ಹಾವೂ ಸಾಯ್ತೈತಿ, ಕೋಲೂ ಮುರಿಯೂದಿಲ್ಲ. ಮನ್ಯಾಗ ಯಾರದಾರ?"

"ಅಕ್ಕ ಅದಾಳ," ಎಂದೆ.

"ಸರಿ ಹೋತು. ಕರಕೊಂಬಾ. ಆಗಸ್ಟ್ ಎಂಟನೇ ತಾರೀಖು."

ಸಿರುಗುಪ್ಪ, ೨೩ ಜುಲೈ, ಭಾನುವಾರ

ಈರಮ್ಮ ನಾಟಿಯಿಂದ ಬಂದು ಮೊಣಕಾಲಿನ ಕೆಸರು ತೊಳೆಯುತ್ತಿದ್ದಳು. ಎಲ್ಲ ಹೇಳಿದೆ.

"ಅಂದ್ರ ನಮ್ಮಪ್ಪ ಸತ್ತಿಲ್ಲ ಅಂತ ಹೇಳ್ಬೇಕೇನು?"

"ಅವತ್ತು ಸತ್ತಾಂವ ಬ್ಯಾರೆಯವ ಅಂತ ಹೇಳ್ಬೇಕು."

"ನಾ ಕುಣಿಗೆ ಇಳದು ಮಣ್ಣು ಕೊಟ್ಟೀನಲೇ! ಕೇರಿ ಗಂಡಸ್ರೆಲ್ಲ ದಂಡಿಗಿ ನಿಂತಿದ್ರು. ಮಗ ನೀನು, ಇಳಿಯವ್ವಾ ಅಂತ ಮೂಕಪ್ಪ ಕಾಕ ನನ್ನ ಕೈ ಹಿಡದು ಇಳಿಸಿದ. ಮೂಕಪ್ಪ ಕಾಕ ಇನ್ನೂ ಬದುಕ್ಯಾನ, ಹೋಗಿ ಕೇಳು." ಕೊಡ ಕುಕ್ಕರಿಸಿಟ್ಟಳು. "ಮತ್ತ, ನೀನು ಏನಂತ?"

"ತಮ್ಮ."

ಅವಳು ಬಗ್ಗಿ ಮತ್ತೆ ಮೊಣಕಾಲು ತಿಕ್ಕತೊಡಗಿದಳು. ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಒಂದು ಅಪ್ಪನ ಹೆಸರು ಕೊಟ್ಟಿದ್ರ ನನಗ ಈ ಗತಿ ಬರ್ತಿತ್ತೇನು?" ಎಂದು ಕೂಗಿದೆ.

"ಕೊಟ್ಟೀನಲ್ಲ. ಜೋಗಪ್ಪ."

"ಖರೇ ಅಪ್ಪಂದು!"

"ಆ ಹೆಸರಿನಿಂದ ನಿನಗ ಒಂದು ತುಣುಕು ರೊಟ್ಟಿ ಬಂದಿಲ್ಲ, ಒಂದು ಮೊಳ ಅರಿಬಿ ಬಂದಿಲ್ಲ. ಅಂಥಾ ಹೆಸರು ತಗೊಂಡು ಏನು, ನೆಕ್ಕತೀಯೇನು?"

ಒಲೆ ಹಚ್ಚಲು ಕೂತಳು. ಕಟ್ಟಿಗೆ ಹಸಿಯಿತ್ತು. ಊದಿ ಊದಿ ಕಣ್ಣೆಲ್ಲ ಕೆಂಪಾಗಿತ್ತು. ಹೊಗೆಗೇ ಇರಬೇಕು. ನನಗೆ ಬಡಿಸಿದಳು, ತಾನು ಉಣ್ಣಲಿಲ್ಲ. ನಾನು ಪೂರಾ ಉಂಡೆ. ಹಸಿವಾಗಿತ್ತು.

ಸಿರುಗುಪ್ಪ, ೨೪ ಜುಲೈ

ಬೆಳಗ್ಗೆ ಎದ್ದಾಗ ಅವಳು ನಾಟಿಗೆ ಹೊರಟು ನಿಂತಿದ್ದಳು. "ಏನೇನು ಹೇಳ್ಬೇಕು, ಕಲಿಸು," ಎಂದಳು.

ಒಂದನೇ ಇಯತ್ತೆಯವರಿಗೆ ಕಲಿಸಿದ ಹಾಗೆ ಕಲಿಸಿದೆ. ನಿನ್ನ ಹೆಸರು? ಈರಮ್ಮ. ಅಪ್ಪ? ಜೋಗಪ್ಪ. ಯಾವಾಗ ತೀರಿಕೊಂಡರು? ಇವನು ಹುಟ್ಟಿದ ಮರುವರ್ಷ. ಇವನು ಏನಾಗಬೇಕು? ಅದೊಂದನ್ನು ಬಿಟ್ಟು ಎಲ್ಲ ಸರಿಯಾಗಿ ಹೇಳಿದಳು. ಅದಕ್ಕೆ ಮಾತ್ರ ಪ್ರತಿ ಸಲ ಒಂದು ಗುಟುಕು ಉಗುಳು ನುಂಗಿ, ಆಮೇಲೆ "ತಮ್ಮ" ಎನ್ನುತ್ತಾಳೆ. ನುಂಗಬೇಡ, ತಟ್ಟನೆ ಹೇಳು ಎಂದು ಗದರಿದೆ.

ಕುರುಗೋಡು, ೩೧ ಜುಲೈ

ಮಳೆಯೂ ಇಲ್ಲ, ನಿದ್ದೆಯೂ ಇಲ್ಲ. ಶಿವಬಸಮ್ಮನವರು "ನಿಮ್ಮಕ್ಕಾರು ಮತ್ತ ಯಾವಾಗ ಬರ್ತಾರ್ರೀ?" ಎಂದು ಕೇಳಿದರು. ಬರುವುದಿಲ್ಲ ಎಂದೆ. ಇವತ್ತು ಸುಮ್ಮಸುಮ್ಮನೆ ಒಬ್ಬ ಹುಡುಗನಿಗೆ ಹೊಡೆದೆ.

ಸಿರುಗುಪ್ಪ, ೯ ಆಗಸ್ಟ್

ನಿನ್ನೆಯದನ್ನು ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆಯುತ್ತೇನೆ.

ಬಳ್ಳಾರಿಯಲ್ಲಿ ಬಸ್ಸಿಳಿದಾಗ ಅವಳನ್ನು ಸರಿಯಾಗಿ ನೋಡಿದೆ. ಹಬ್ಬದ ಸೀರೆ ಉಟ್ಟಿದ್ದಳು. ಕೊರಳಲ್ಲಿ ಮುದ್ರೆ ಇರಲಿಲ್ಲ. ನನಗೆ ಬುದ್ಧಿ ತಿಳಿದಾಗಿನಿಂದ ಆ ಕೊರಳು ಬೋಳಾಗಿದ್ದು ನೋಡಿಲ್ಲ. ಜಳಕ ಮಾಡುವಾಗಲೂ ತೆಗೆಯುತ್ತಿರಲಿಲ್ಲ. ಅದಿದ್ದ ಕಡೆ ಚರ್ಮ ಬೆಳ್ಳಗೆ ಗೆರೆ ಬಿದ್ದಿತ್ತು. ಮುದ್ರೆ ಎಲ್ಲಿ ಎಂದೆ. "ಬಸವಿ ಅಂತ ಗುರ್ತು ಹತ್ತಿದ್ರ ನಿನ್ನ ಕೆಲಸ ಕೆಡ್ತೈತಿ," ಎಂದು ಸೆರಗಿನ ಗಂಟು ಮುಟ್ಟಿ ತೋರಿಸಿದಳು. ಅದನ್ನು ನಾನು ಕಲಿಸಿರಲಿಲ್ಲ.

ಸಾಹೇಬರು ತೆಲುಗಿನವರು. ಕನ್ನಡವನ್ನು ಅಳೆದೂ ಸುರಿದೂ ಆಡುತ್ತಾರೆ. ಎರ್ರಣ್ಣ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ. ಹೆಸರು ಕೇಳಿದರು, ಹೇಳಿದಳು. ಅಪ್ಪನ ಹೆಸರು ಹೇಳಿದಳು. ಅಪ್ಪ ಸತ್ತ ವರ್ಷ ಹೇಳಿದಳು, ನಾನು ಹೇಳಿಕೊಟ್ಟ ಸುಳ್ಳು ವರ್ಷವನ್ನೇ. ಕುಣಿಗೆ ಇಳಿದು ಮಣ್ಣು ಕೊಟ್ಟವಳು ಕಣ್ಣು ಮಿಟುಕಿಸದೆ ಹೇಳಿದಳು.

"ಈತನು ನಿನಗೆ ಏನು ಆಗಬೇಕು?"

"ತಮ್ಮ ರೀ." ಉಗುಳು ನುಂಗಲಿಲ್ಲ. ತಟ್ಟನೆ ಹೇಳಿದಳು.

ಎರ್ರಣ್ಣ ನನ್ನ ಕಡೆ ನೋಡಿ ಕಣ್ಣಲ್ಲೇ ಗೆದ್ದಿ ಎಂದ. ಹೆಬ್ಬೆಟ್ಟು ಒತ್ತಿಸಲು ಶಾಯಿ ಸರಿಸಿದ. ಆಗ ಸಾಹೇಬರು ಕಾಗದದಲ್ಲಿ ಏನೋ ಖಾಲಿ ಕಂಡು, ತಲೆ ಎತ್ತದೆಯೇ ಕೇಳಿದರು. "ನಿನಗೆ ಮಕ್ಕಳು ಎಷ್ಟು?"

ಈ ಪ್ರಶ್ನೆ ನಾನು ಕಲಿಸಿರಲಿಲ್ಲ.

ಅವಳು ನನ್ನ ಕಡೆ ತಿರುಗಲೂ ಇಲ್ಲ. "ಇಲ್ರೀ," ಎಂದಳು. "ನನಗ ಮಕ್ಕಳಿಲ್ಲ."

ಎಷ್ಟು ಮೆಲ್ಲಗೆ ಹೇಳಿದಳೆಂದರೆ ಎರ್ರಣ್ಣ "ಆಂ?" ಎಂದ. ಆ ದನಿ ಅವಳದಲ್ಲ. ಬದುವಿನಿಂದ ಬದುವಿಗೆ ಕೂಗುವವಳ ದನಿ ಅದಲ್ಲ. ಇನ್ನೊಮ್ಮೆ ಹೇಳಲು ಅವಳು ಬಾಯಿ ತೆರೆದಳು. ಎರಡನೇ ಸಲ ಕೇಳುವ ಶಕ್ತಿ ನನಗಿರಲಿಲ್ಲ.

"ನಾನದೀನ್ರಿ!" ಎಂದೆ. ಕಚೇರಿಯಲ್ಲಿ ಹಾಗೆ ಕೂಗಬಾರದು. ಕೂಗಿದೆ. "ಆಕಿ ನಮ್ಮವ್ವ ರೀ ಸಾರ್. ನಾನು ಆಕಿ ಮಗ. ಜೋಗಪ್ಪ ನಮ್ಮ ತಾತ. ಇಪ್ಪತ್ತೇಳರಾಗ ಸತ್ತಾಂವ ಅವನ. ನಮ್ಮವ್ವ ಬಸವಿ ರೀ."

ಎರ್ರಣ್ಣ ಲೇಖನಿ ಕೆಳಗಿಟ್ಟ. ಸಾಹೇಬರು ಮೊದಲ ಸಲ ತಲೆ ಎತ್ತಿ ನಮ್ಮಿಬ್ಬರ ಮುಖಗಳನ್ನು ನೋಡಿದರು. ಆಮೇಲೆ ಬೈಗುಳ ಶುರುವಾಯಿತು. ಸರ್ಕಾರದ ಮುಂದೆ ಸುಳ್ಳು ಹೇಳಿಕೆ, ಇಬ್ಬರನ್ನೂ ಪೊಲೀಸಿಗೆ ಕೊಡುತ್ತೇನೆ, ಕಲಿತವನಾಗಿ ನಾಚಿಕೆ ಇಲ್ಲವೆ, ಬಸವಿ ಬಿಡುವುದು ಈಗ ಕಾಯ್ದೆ ಪ್ರಕಾರ ಅಪರಾಧ, ಗೊತ್ತಿಲ್ಲವೆ.

"ಕಾಯ್ದೆ ಯಾವಾಗ ಬಂತ್ರೀಯಪ್ಪ?" ಎಂದಳು ಅವ್ವ. ದನಿ ತಿರುಗಿ ಬಂದಿತ್ತು.

"ಮೂರು ವರ್ಷ ಆಯಿತು."

"ಇವ ಹುಟ್ಟಿ ಇಪ್ಪತ್ತು ವರ್ಷ ಆತು. ನಿಮ್ಮ ಕಾಯ್ದೆ ಬರೂಮಟ ಹೊಟ್ಯಾಗ ಇಟ್ಕೊಂಡು ಕುಂದರಾಕ ಆಕ್ಕಿತ್ತೇನ್ರೀ?"

ಸಾಹೇಬರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಬರೆದ ಕಾಗದ ಹರಿದು ಬುಟ್ಟಿಗೆ ಹಾಕಿ, ಹೊಸ ಕಾಗದ ತೆಗೆಯಲು ಎರ್ರಣ್ಣನಿಗೆ ಹೇಳಿದರು. ಹೆಸರು ಚಿನ್ನಪ್ಪ. ತಾಯಿ ಈರಮ್ಮ. "ತಂದೆಯ ಹೆಸರು," ಎಂದು ಅವ್ವನ ಮುಖ ನೋಡಿದರು. ಅವ್ವ ಸೆರಗಿನ ಗಂಟು ಬಿಗಿಯಾಗಿ ಹಿಡಿದಳು. ಒಂದು ಗಳಿಗೆ ಕಾದು, "ಗೊತ್ತಿಲ್ಲ ಅಂತ ಬರಿ," ಎಂದರು ಎರ್ರಣ್ಣನಿಗೆ.

"ಯಾಕ್ರೀ?" ಅವ್ವ ಮೇಜಿನ ಹತ್ತಿರಕ್ಕೇ ಹೋದಳು. "ಗೊತ್ತಿಲ್ಲ ಅಂತ ಯಾಕ ಬರೀತೀರಿ? ನನಗ ಗೊತ್ತೈತಿ. ನಾ ಏನು ಹಾದಿ ಬೀದ್ಯಾಗ ಹಡದೀನೇನು? ಆ ಮನಶಾ ನನ್ನ ಮಗನ್ನ ಒಂದಿನ ಎತ್ಕೊಂಡಿಲ್ಲ, ಅಂವನ ಹೆಸರು ಇಂವಗ ಬ್ಯಾಡ, ಅದಕ್ಕ ಹೇಳಾಕತ್ತಿಲ್ಲ ನಾ. ಹೇಳೂದಿಲ್ಲ ಅಂತ ಬರೀರಿ."

ಎರ್ರಣ್ಣ ಸಾಹೇಬರ ಮುಖ ನೋಡಿದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಬರಿ," ಎಂದರು. "ಹೇಳುವುದಿಲ್ಲ."

ಆಮೇಲೆ ನನಗೆ ಹೇಳಿದರು. ಇಂಥ ಉತ್ತರಕ್ಕೆ ನಮೂನೆಯಲ್ಲಿ ಜಾಗ ಇಲ್ಲ, ಮೇಲಕ್ಕೆ ಬರೆದು ಕೇಳಬೇಕು, ಅಲ್ಲಿಯತನಕ ನೀನು ಶಾಲೆಗೆ ಹೋಗುವ ಹಾಗಿಲ್ಲ. ಕೈ ಮುಗಿದು ಹೊರಗೆ ಬಂದೆವು.

ಬಾಗಿಲು ದಾಟಿದ್ದೇ ತಡ, ಅವ್ವ ನನ್ನ ಬೆನ್ನಿಗೆ ಒಂದು ಗುದ್ದಿದಳು. "ಹೊಳ್ಯಾಗ ಹುಣಸೆಹಣ್ಣು ತೊಳದಂಗ ಮಾಡಿದೆಲ್ಲೋ ಹುಚ್ಚಪ್ಪ! ಕುರ್ಚಿ ಕಳಕೊಂಡಿ. ಹಗಲೂ ರಾತ್ರಿ ಉರು ಹೊಡದೀನಿ ನಾ, ನಾಟಿ ಹಾಕೋವಾಗೂ ತಮ್ಮ ತಮ್ಮ ಅಂತ!" ಬೈಯುತ್ತ ಬೈಯುತ್ತ ಅತ್ತಳು. ಜನ ನಿಂತು ನೋಡುತ್ತಿದ್ದರು. ನೋಡಲಿ.

ತೆಕ್ಕಲಕೋಟೆಯಲ್ಲಿ ಬಸ್ಸು ನಿಂತಾಗ ಸೆರಗಿನ ಗಂಟು ಬಿಚ್ಚಿ ಮುದ್ರೆ ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿದಳು. ಕಟ್ಟಿದೆ. ದಾರ ಹಳೆಯದು, ಗಂಟು ಕೂಡಲಿಲ್ಲ, ಎರಡು ಸಲ ಬಿಚ್ಚಿ ಕಟ್ಟಿದೆ.

ಕುರುಗೋಡು, ೧೪ ಆಗಸ್ಟ್

ಟ್ರಂಕು ತರಲು ಬಂದೆ. ಅವ್ವನೂ ಹಟ ಮಾಡಿ ಬಂದಳು. ಗಾದಿಲಿಂಗಪ್ಪನವರು, "ಅಕ್ಕಾರೂ ಬಂದಾರ, ಬರ್ರಿ," ಎಂದರು.

"ಅಕ್ಕ ಅಲ್ರೀ ಸಾರ್. ನಮ್ಮವ್ವ," ಎಂದು ನಡೆದದ್ದೆಲ್ಲ ಹೇಳಿದೆ.

ಅವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ದವಡೆಗೆ ಒತ್ತಿಕೊಂಡರು. "ಮೊದಲ ನನ್ನ ಮುಂದ ಹೇಳಬಾರದಿತ್ತೇನು ಮಾಸ್ತರ?" ಎಂದರು.

"ಹೇಳಿದ್ರ ಏನು ಮಾಡ್ತಿದ್ರಿ ಸಾರ್?"

ಅವರು ಎದ್ದುಹೋಗಿ ಎಲೆ ಉಗುಳಿ ಬಂದರು. ಒಳಗಿನಿಂದ ಶಿವಬಸಮ್ಮನವರು, "ನನಗ ಅವತ್ತ ಗೊತ್ತಾಗಿತ್ತು," ಎಂದರು. "ರೊಟ್ಟಿ ಮುರದು ಕೈಗೆ ಕೊಟ್ಟಾಗನ." ಗೊತ್ತಾಗಿಯೂ ಅಕ್ಕಾರು ಎಂದೇ ಕೇಳುತ್ತಿದ್ದರಲ್ಲ, ಯಾಕೆ? ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ.

ಮಕ್ಕಳು ಬಸ್ಸಿನ ತನಕ ಬಂದವು. ನಾನು ಹೊಡೆದಿದ್ದ ಹುಡುಗನೂ ಬಂದಿದ್ದ. ಇನ್ನು ಬರೆಯಲಾರೆ.

ಸಿರುಗುಪ್ಪ, ೧೬ ನವೆಂಬರ್

ಇಷ್ಟು ದಿನ ಬರೆಯಲಿಲ್ಲ. ಗದ್ದೆಗೆ ಹೋಗುತ್ತೇನೆ. ಕೈಗೆ ಬೊಬ್ಬೆ ಬಂದು ಒಡೆದು ಈಗ ಗಟ್ಟಿಯಾಗಿದೆ. ಕೇರಿಯಲ್ಲಿ ಕೆಲವರು ಮಾಸ್ತರ ಎಂದು ಅಣಕಿಸಿ ಕರೆಯುತ್ತಾರೆ. ಊರ ಬಾಯಿಗೆ ಮುಚ್ಚಳ ಇಲ್ಲ.

ಇವತ್ತು ಭತ್ತ ಕೊಯ್ಯುತ್ತಿದ್ದಾಗ ಅಂಚೆಯವನು ಬದುವಿನ ಮೇಲೆ ಬಂದು ಕಾಗದ ಕೊಟ್ಟ. ನಿಂತಲ್ಲೇ ಒಡೆದು ಓದಿದೆ.

"ಕೆಲಸ ಕೊಟ್ಟಾರೇನು?" ಎಂದಳು ಅವ್ವ.

"ಇಲ್ಲ. ಕುರುಗೋಡಿಗೆ ಬ್ಯಾರೆಯವರನ್ನ ಹಾಕ್ಯಾರಂತ. ಮುಂದ ಎಲ್ಯಾರ ಖಾಲಿ ಆದ್ರ ನೋಡ್ತಾರಂತ."

"ಅಯ್ಯ ನಮ್ಮ ಹಣೆಬರವೇ. ಮತ್ಯಾಕ ಹಲ್ಲು ಕಿಸದಿ?"

ನಾನು ನಗುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಮೊದಲನೇ ಸಾಲು ಓದಿ ಹೇಳಿದೆ. ಕಾಗದ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳಿದೆ. "ಸಿರುಗುಪ್ಪದ ಈರಮ್ಮನ ಮಗ ಚಿನ್ನಪ್ಪನಿಗೆ."

ಅವ್ವ ಕುಡುಗೋಲು ಕೆಳಗಿಟ್ಟಳು. ಸೀರೆಗೆ ಕೈ ಒರೆಸಿಕೊಂಡು, "ಎಲ್ಲೈತಿ, ತೋರ್ಸು," ಎಂದಳು. ಬೆರಳಿಟ್ಟು ತೋರಿಸಿದೆ.

"ಇಷ್ಟ ಏನು ನನ್ನ ಹೆಸರು?"

"ಇಂಗ್ಲಿಷಿನಾಗ ಇಷ್ಟ."

"ಸಣ್ಣದಾತು." ಸ್ವಲ್ಪ ಹೊತ್ತು ನೋಡಿದಳು. "ಇನ್ನೊಮ್ಮೆ ಓದು."

ಓದಿದೆ. ಆಚೆ ಬದುವಿನಿಂದ ಮುದುಕ ಮೂಕಪ್ಪ, "ಏನಂತವ್ವಾ ಈರಿ, ಕಾಗದ?" ಎಂದು ಕೂಗಿದ.

"ನನ್ನ ಮಗಂದು ಸರ್ಕಾರದ ಕಾಗದ ಬಂದೈತಿ ಕಾಕಾ!" ಎಂದು ಅವ್ವ ಗದ್ದೆ ತುಂಬ ಕೇಳುವ ಹಾಗೆ ಕೂಗಿದಳು.

"ಕೆಲಸ ಆತೇನು?"

"ಇಲ್ಲ! ಕೆಲಸ ಆಗಿಲ್ಲ!" ಅದನ್ನೂ ಅಷ್ಟೇ ಜೋರಾಗಿ ಕೂಗಿದಳು.

ಆಮೇಲೆ ಕಾಗದವನ್ನು ನನ್ನ ಕೈಯಿಂದ ಇಸಿದುಕೊಂಡು ಸೆರಗಿನಲ್ಲಿ ಗಂಟು ಹಾಕಿದಳು. ಇನ್ನೂ ಎರಡು ಮಡಿ ಕೊಯ್ಯುವುದು ಉಳಿದಿತ್ತು. ಕತ್ತಲಾಗುವ ಮೊದಲು ಮುಗಿಸಿದೆವು.